ಅಂಚೆಯಿಂದ ಅಂತರಜಾಲದವರೆಗೆ

ಈ-ಮೇಲನ್ನು ಕನ್ನಡಿಗರು ಮಿಂಚಂಚೆ ಎಂದು ಕರೆದದ್ದು ಉಚಿತವಾಗಿಯೇ ಇದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಏರ್ಪಡಿಸಿದರೆಂದು ಹೇಳಲಾಗುವ ಮೈಸೂರು ಅಂಚೆ 1889ರವರೆಗೂ ಸಂಸ್ಥಾನದ್ದೇ ಆಗಿದ್ದು, ಆ ವರ್ಷ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಓಲೆ ಹೊತ್ತವನಿಗೆ ಅದರೊಳಗಿನ ಒಕ್ಕಣೆ ತಿಳಿಯಬೇಕಾಗಿರಲಿಲ್ಲ. ವಿಳಾಸ ತಿಳಿದರೆ ಸಾಕಿತ್ತು. ಗಣಕಜಾಲದ ಮೊದಲ ಪಾಠವೂ ಇದೇ.

ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ನಡುವಿನ ಮಾರ್ಗ ಅವರಿಗೇ ಮೀಸಲಾಗಿರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಪರಸ್ಪರ ಅರಿಯದೆಯೇ ಬೇರೊಂದು ಉಪಾಯವನ್ನು ಕಂಡುಕೊಂಡರು. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳುಹಿಸುವುದು ಆ ಉಪಾಯ. ಹುಣಸೂರಿನಿಂದ ಮೈಸೂರಿಗೆ ಹೊರಟವನು ಬಿಳಿಕೆರೆಯ ದಾರಿ ಕಟ್ಟಿದ್ದರೆ ಕೃಷ್ಣರಾಜನಗರವನ್ನು ಬಳಸಿ ಹೋಗುವಂತೆ, ಪೊಟ್ಟಣಗಳೂ ತೆರವಾದ ದಾರಿಯನ್ನು ಹಿಡಿದು ಹೋಗುತ್ತವೆ. ಈ ತತ್ತ್ವದ ಮೇಲೆ ಕಟ್ಟಿದ ಆರ್ಪಾನೆಟ್ ಜಾಲದಲ್ಲಿ 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನಿಂದ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟಾಗ, ಎರಡು ಅಕ್ಷರ ತಲಪುವಷ್ಟರಲ್ಲಿ ಆಚೆಯ ಯಂತ್ರ ನಿಂತುಹೋಯಿತಂತೆ!

ಮುಂದೆ ಜಾಲಗಳು ಹೆಚ್ಚಿದವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಾಯಿತು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಇದಕ್ಕೊಂದು ಸಾಮಾನ್ಯ ಒಡಂಬಡಿಕೆಯನ್ನು ಸೂಚಿಸಿದರು. ಪ್ರೋಟೋಕಾಲ್ ಎಂದರೆ ಇಂಥ ಒಡಂಬಡಿಕೆಯೇ. ಅದು ಬೆಳೆದು ಎರಡು ಭಾಗವಾಯಿತು. ಐಪಿ ಎಂಬುದು ವಿಳಾಸ ನೋಡಿ ಪೊಟ್ಟಣವನ್ನು ಮುಂದೆ ಸಾಗಿಸುತ್ತದೆ. ತಲಪಿತೆಂಬ ಭರವಸೆ ಕೊಡುವುದಿಲ್ಲ. ಟಿಸಿಪಿ ನಮ್ಮಲ್ಲಿ ಹಿಂದೆ ಇದ್ದ ರಿಜಿಸ್ಟರ್ಡ್ ಅಂಚೆಯಂತೆ: ಸ್ವೀಕೃತಿಯನ್ನು ಕೇಳುತ್ತದೆ, ಬಾರದಿದ್ದರೆ ಮತ್ತೆ ಕಳುಹಿಸುತ್ತದೆ, ಹಿಂದುಮುಂದಾಗಿ ಬಂದವನ್ನು ಕ್ರಮವಾಗಿ ಜೋಡಿಸುತ್ತದೆ. 1983ರ ಜನವರಿ 1ರಂದು ಆರ್ಪಾನೆಟ್ ಈ ನಿಯಮಗಳಿಗೆ ಬದಲಾಯಿತು. ಅದೇ ವರ್ಷ ಪಾಲ್ ಮೊಕಾಪೆಟ್ರಿಸ್, ಹೆಸರು ಹೇಳಿದರೆ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು.

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅದೂ ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ ಮಾತ್ರ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತನ ಬಾಳಿಗೆ ಗಣಕ ಬಂದದ್ದು 'ಭೂಮಿ' ಯೋಜನೆಯಿಂದ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಪುಸ್ತಕಗಳಿಂದ ಗಣಕಕ್ಕೆ ಏರಿದವು. ಆದರೆ ಮೊದಲಿಗೆ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಯಂತ್ರದಲ್ಲೇ ಇತ್ತು. ಹನಗೋಡಿನವರು ಹುಣಸೂರಿಗೆ, ಬೆಟ್ಟದಪುರದವರು ಪಿರಿಯಾಪಟ್ಟಣಕ್ಕೆ, ಸಾಲಿಗ್ರಾಮದವರು ಕೃಷ್ಣರಾಜನಗರಕ್ಕೆ, ಅಂತರಸಂತೆಯವರು ಕೋಟೆಗೆ ಬರಲೇಬೇಕಿತ್ತು. ಯಂತ್ರಗಳು ಒಂದಕ್ಕೊಂದು ಜೋಡಣೆಯಾದ ಮೇಲೆಯೇ ಪಹಣಿ ಹೋಬಳಿಯಲ್ಲಿಯೂ ಸಿಗುವಂತಾಯಿತು. ಗಣಕ ದಾಖಲೆಯನ್ನು ಉಳಿಸಿತು. ಅದನ್ನು ರೈತನ ಹತ್ತಿರಕ್ಕೆ ತಂದದ್ದು ಜಾಲ.

ಹತ್ತಿರ ತಂದ ಜಾಲವೇ ಹೊಸದೊಂದು ಮಾತನ್ನೂ ತಂದಿತು: "ಸರ್ವರ್ ಇಲ್ಲ, ನಾಳೆ ಬನ್ನಿ." ಪಹಣಿಗೂ ಪಡಿತರಕ್ಕೂ ಇದೇ ಉತ್ತರ. ಒಂದು ದಿನದ ಕೂಲಿ ಬಿಟ್ಟು ಬಂದವನು ಇದನ್ನು ಮಳೆ ಬಾರದ್ದನ್ನು ಒಪ್ಪಿಕೊಂಡಂತೆ ಒಪ್ಪಿಕೊಂಡು ಹಿಂದಿರುಗುತ್ತಾನೆ. ಆದರೆ ಈ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ದೋಷಗಳಿರಬಹುದು. ಎದುರಿಗಿರುವ ಯಂತ್ರ ಕೆಟ್ಟಿರಬಹುದು. ನಡುವಿನ ಕೇಬಲ್ ಕಡಿದಿರಬಹುದು. ದೂರದ ಸರ್ವರೇ ನಿಂತಿರಬಹುದು. ಅದೇ ಯಂತ್ರದಲ್ಲಿ ಬೇರೆ ಜಾಲತಾಣಗಳು ತೆರೆಯುತ್ತಿದ್ದರೆ ಕೇಬಲ್ ಸರಿಯಿದೆಯೆಂದೇ ಅರ್ಥ. ಯಾವುದೂ ತೆರೆಯದಿದ್ದರೆ ದೂರದ ಸರ್ವರನ್ನು ದೂರಿ ಫಲವಿಲ್ಲ. ಮೊದಲನೆಯದನ್ನು ಅಲ್ಲಿಯೇ ಸರಿಪಡಿಸಬಹುದು, ಎರಡನೆಯದಕ್ಕೆ ದೂರು ಕೊಡಬಹುದು, ಮೂರನೆಯದಕ್ಕೆ ಮಾತ್ರ ಕಾಯಬೇಕು.

ಓಲೆ ಬಾರದಿದ್ದಾಗ ನಮ್ಮ ಹಿರಿಯರು "ಎಲ್ಲಿ ತಡೆಯಿತು?" ಎಂದು ಅಂಚೆಯವನನ್ನು ಕೇಳುತ್ತಿದ್ದರು. ಓಲೆ ಸಾಗುವ ದಾರಿ ಅವರಿಗೆ ತಿಳಿದಿತ್ತು. ಆದ್ದರಿಂದಲೇ ಕೇಳುವ ಧೈರ್ಯವೂ ಇತ್ತು. ಜಾಲದ ಮೂಲಪಾಠ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಪ್ರೌಢಶಾಲೆಯ ಮಕ್ಕಳು ಅದನ್ನು ಕಲಿತರೆ, ಅಪ್ಪನೊಡನೆ ಕೌಂಟರಿನ ಮುಂದೆ ನಿಂತಾಗ ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಬಲ್ಲರು.