ಹೂಮಾಲೆ ಹೊತ್ತ ವಿಮಾನಗಳು: ಬೆಂಗಳೂರಿನಿಂದ ಜಾಫ್ನಾಕ್ಕೆ, 1987

ಚೆನ್ನೈ ಕನ್ನಡಿಗರಾದ ನಮಗೆ ಶ್ರೀಲಂಕಾದ ಸುದ್ದಿ ಎಂದೂ ದೂರದ ಸುದ್ದಿಯಲ್ಲ. 1983ರ ಜುಲೈ ಗಲಭೆಯ ನಂತರ ಸಮುದ್ರ ದಾಟಿ ಬಂದ ಎಷ್ಟೋ ಕುಟುಂಬಗಳು ಈ ನಾಡಿನಲ್ಲೇ ಬಾಳು ಕಟ್ಟಿಕೊಂಡಿವೆ. ಆ ಕಥೆಯಲ್ಲಿ ನಮ್ಮ ಬೆಂಗಳೂರು ಎರಡು ಬಾರಿ ಬರುತ್ತದೆ ಎಂಬುದು ಮಾತ್ರ ಅನೇಕರಿಗೆ ಮರೆತೇಹೋಗಿದೆ.

ಮೊದಲನೆಯದು 1986ರ ನವೆಂಬರ್. ಬೆಂಗಳೂರಿನಲ್ಲಿ ಎರಡನೆಯ ಸಾರ್ಕ್ ಶೃಂಗಸಭೆ ನಡೆಯಿತು. ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಅಲ್ಲಿ ಭೇಟಿಯಾದರು. ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮದ್ರಾಸಿನಿಂದ ವಿಮಾನದಲ್ಲಿ ಕರೆತಂದು ಮಾತುಕತೆ ನಡೆಸಲಾಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ.ಆರ್. ಅವರೂ ಬಂದಿದ್ದರು. ಆದರೂ ಒಪ್ಪಂದ ಕುದುರಲಿಲ್ಲ.

1987ರ ಜನವರಿಯಲ್ಲಿ ಶ್ರೀಲಂಕಾ ಸರ್ಕಾರ ಜಾಫ್ನಾಕ್ಕೆ ಇಂಧನ ಮುಂತಾದ ವಸ್ತುಗಳ ಸಾಗಣೆಯನ್ನು ತಡೆಯಿತು. ಸೀಮೆಎಣ್ಣೆ ಇಲ್ಲದಿದ್ದರೆ ಒಲೆಯ ಗತಿ ಏನೆಂದು ಅಂದಿನ ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ. ಮಾರ್ಚ್ ತಿಂಗಳಲ್ಲಿ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗ ಒಂದು ನಿರ್ಣಯ ಅಂಗೀಕರಿಸಿತು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಸೇವೆ ನೀಡಲು ಮುಂದೆ ಬಂದಿದೆ, ಅದನ್ನು ಪರಿಗಣಿಸಿ ಎಂದು ಶ್ರೀಲಂಕಾವನ್ನು ಕೇಳಿಕೊಂಡಿತು. ಭಾಷೆ ಬಹಳ ಮೃದುವಾಗಿತ್ತು. ಬಾಗಿಲು ತೆರೆಯಲಿಲ್ಲ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1949ರ ಜಿನೀವಾ ಒಪ್ಪಂದದ ಪ್ರಕಾರ, ಪರರಾಷ್ಟ್ರದ ಸೇನೆ ಆಕ್ರಮಿಸಿಕೊಂಡ ಪ್ರದೇಶದಲ್ಲಿ ಜನರಿಗೆ ಆಹಾರ ಸಾಲದೆ ಹೋದರೆ, ಆ ಸೇನೆಯ ಸರ್ಕಾರ ಹೊರಗಿನ ನೆರವಿಗೆ ಒಪ್ಪಲೇಬೇಕು. ಆದರೆ ಒಂದು ದೇಶದ ಒಳಗಿನ ಯುದ್ಧದಲ್ಲಿ ರೆಡ್ ಕ್ರಾಸ್‌ನಂಥ ಸಂಸ್ಥೆ ಸೇವೆ ನೀಡಲು ಮುಂದೆ ಬರಬಹುದು, ಅಷ್ಟೇ. ಜಾಫ್ನಾ ಶ್ರೀಲಂಕಾದ್ದೇ ನೆಲ. ಹಸಿವು ಎರಡೂ ಕಡೆ ಒಂದೇ, ಕಾನೂನು ಮಾತ್ರ ಬೇರೆ.

ಮೇ 26ರಂದು ಶ್ರೀಲಂಕಾ ಸೇನೆ ವಡಮರಾಚ್ಚಿಯ ಮೇಲೆ ದಾಳಿ ಆರಂಭಿಸಿತು. ಜೂನ್ 3ರಂದು ಭಾರತ ರಾಮೇಶ್ವರದಿಂದ ಸುಮಾರು 20 ನಿರಾಯುಧ ದೋಣಿಗಳಲ್ಲಿ ರೆಡ್ ಕ್ರಾಸ್ ಬಾವುಟದಡಿ ಪರಿಹಾರ ಸಾಮಗ್ರಿ ಕಳಿಸಿತು. ಶ್ರೀಲಂಕಾ ನೌಕಾಪಡೆ ಅವನ್ನು ತಡೆದು ಹಿಂದಕ್ಕೆ ಕಳಿಸಿತು.

ಮರುದಿನ ಮತ್ತೆ ಬೆಂಗಳೂರಿನ ಸರದಿ. ಜೂನ್ 4ರ ಮಧ್ಯಾಹ್ನ ದೆಹಲಿಯಲ್ಲಿ ವಿದೇಶಾಂಗ ರಾಜ್ಯ ಸಚಿವ ನಟ್ವರ್ ಸಿಂಗ್ ಶ್ರೀಲಂಕಾದ ಹೈಕಮಿಷನರನ್ನು ಕರೆಸಿ, ಸಂಜೆ ವಿಮಾನದಿಂದ ಸಾಮಗ್ರಿ ಇಳಿಸುತ್ತೇವೆ, ತಡೆದರೆ ಪ್ರತಿಕ್ರಿಯೆ ಎದುರಿಸಬೇಕಾದೀತು ಎಂದು ತಿಳಿಸಿದರು. ಬೆಂಗಳೂರಿನಿಂದ ಹೊರಟ ಐದು ಎಎನ್-32 ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿಯನ್ನು ಪ್ಯಾರಾಚೂಟ್‌ಗಳಲ್ಲಿ ಇಳಿಸಿದವು. ಕಾರ್ಯಾಚರಣೆಯ ಹೆಸರು 'ಪೂಮಾಲೈ'. ನಮ್ಮ ಮಾತಿನಲ್ಲಿ ಹೂಮಾಲೆ.

ಒಂದು ಅಡುಗೆಮನೆ ಲೆಕ್ಕ ಹಾಕಿ ನೋಡೋಣ. 1981ರ ಜನಗಣತಿಯಲ್ಲಿ ಜಾಫ್ನಾ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 25 ಟನ್ನನ್ನು ಹಂಚಿದರೆ ತಲೆಗೆ ಸುಮಾರು 30 ಗ್ರಾಂ. ಒಂದು ಹಿಡಿಯೂ ತುಂಬದು. ಅಂದು ಇಳಿದದ್ದು ಊಟಕ್ಕಿಂತ ಹೆಚ್ಚಾಗಿ ಒಂದು ಸಂದೇಶ. ಶ್ರೀಲಂಕಾ ಅದನ್ನು ತನ್ನ ಸಾರ್ವಭೌಮತ್ವದ ಉಲ್ಲಂಘನೆ ಎಂದಿತು. ಭಾರತ ಮಾನವೀಯ ನೆರವು ಎಂದಿತು. ಹಿಂದಿನ ವರ್ಷವಷ್ಟೇ ಅಂತರರಾಷ್ಟ್ರೀಯ ನ್ಯಾಯಾಲಯ ನಿಕರಾಗುವಾ ಪ್ರಕರಣದಲ್ಲಿ, ಬರಿಯ ಮಾನವೀಯ ನೆರವು ಅಕ್ರಮ ಹಸ್ತಕ್ಷೇಪವಲ್ಲ, ಆದರೆ ಅದು ಭೇದವಿಲ್ಲದೆ ಕಷ್ಟದಲ್ಲಿರುವ ಎಲ್ಲರಿಗೂ ಸಲ್ಲಬೇಕು ಎಂದು ಹೇಳಿತ್ತು. ಯುದ್ಧವಿಮಾನದ ಕಾವಲಿನಲ್ಲಿ ಬಂದ ಅಕ್ಕಿ ಆ ಮಾತಿಗೆ ಎಷ್ಟು ಹೊಂದುತ್ತದೆ ಎಂಬ ಚರ್ಚೆ ಇಂದಿಗೂ ಇದೆ. ಆದರೂ ಸಂದೇಶ ತಲುಪಿತು. ಅದೇ ತಿಂಗಳಲ್ಲಿ ಎರಡೂ ಸರ್ಕಾರಗಳ ಒಪ್ಪಿಗೆಯೊಂದಿಗೆ ಸಾಮಗ್ರಿ ಹಡಗಿನಲ್ಲಿ ಹೋಗತೊಡಗಿತು.

ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಶಾಂತಿಪಾಲನಾ ಪಡೆಯಾಗಿ ಹೋದ ನಮ್ಮ ಸೈನಿಕರು ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಇಳಿಯಬೇಕಾಯಿತು. ಅಕ್ಟೋಬರ್ 21ರಂದು ಭಾರತೀಯ ಸೈನಿಕರು ಜಾಫ್ನಾ ಆಸ್ಪತ್ರೆಯನ್ನು ಹೊಕ್ಕಾಗ ನಡೆದ ಗುಂಡಿನ ದಾಳಿಯಲ್ಲಿ ರೋಗಿಗಳು, ವೈದ್ಯರು, ದಾದಿಯರು ಸತ್ತರು. ನಾಲ್ಕೂವರೆ ತಿಂಗಳ ಹಿಂದೆ ಹೂಮಾಲೆ ಕಳಿಸಿದ ದೇಶವೂ ನಮ್ಮದೇ. 1990ರ ಮಾರ್ಚ್‌ನಲ್ಲಿ ಪಡೆ ಹಿಂದಿರುಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಪ್ರಾಣ ತೆತ್ತಿದ್ದರು. ಅವರ ಮನೆಗಳ ತಾಯಂದಿರನ್ನೂ ಪತ್ನಿಯರನ್ನೂ ನೆನೆಯದೆ ಈ ಕಥೆ ಮುಗಿಯದು.

ಜಿನೀವಾ ನಿರ್ಣಯ ಕೇಳಿದ್ದು ನಿಧಾನವಾಗಿ ನಡೆಯಿತು. 1989ರಲ್ಲಿ ರೆಡ್ ಕ್ರಾಸ್ ಸಮಿತಿಗೆ ಶ್ರೀಲಂಕಾದ ಬಾಗಿಲು ತೆರೆಯಿತು. 1990ರಲ್ಲಿ ಅದೇ ಜಾಫ್ನಾ ಆಸ್ಪತ್ರೆ ಅದರ ರಕ್ಷಣೆಗೆ ಬಂತು. ಬಂದೂಕು ಒಳಗೆ ಬರಬಾರದು ಎಂಬುದು ಅಲ್ಲಿನ ಮುಖ್ಯ ನಿಯಮ. ಯಾರ ಕಡೆಯವರೂ ಅಲ್ಲದವರು ಮಾತ್ರ ಎಲ್ಲರ ಬಳಿಗೂ ಹೋಗಬಲ್ಲರು.

ಹಸಿದವರ ಬಳಿಗೆ ಅನ್ನ ಒಯ್ಯಲು ಯಾರ ಅಪ್ಪಣೆ ಬೇಕು? ಜಗತ್ತಿನ ಬೇರೆ ಬೇರೆ ಕಡೆ ಇಂದಿಗೂ ಈ ಪ್ರಶ್ನೆ ಏಳುತ್ತಲೇ ಇದೆ. ಅಂಥ ಸುದ್ದಿ ಓದುವಾಗ ಎಷ್ಟು ಟನ್ ಇಳಿಯಿತು ಎಂದು ಮಾತ್ರ ನೋಡದೆ, ತಲೆಗೆ ಎಷ್ಟು ಸಿಕ್ಕಿತು, ನಾಳೆಯೂ ಸಿಗುವುದೇ ಎಂದು ಕೇಳೋಣ. ಮನೆಮಂದಿಗೆಲ್ಲ ಬಡಿಸುವ ನಮ್ಮ ಕೈಗಳಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು.