ಜಠರದ ಕ್ಯಾನ್ಸರು: ಶಸ್ತ್ರವೈದ್ಯದ ಎರಡು ದಾರಿಗಳು

ಕನ್ನಡದಲ್ಲಿ 'ಹೊಟ್ಟೆ' ಎಂಬುದು ಬಹು ಉದಾರವಾದ ಮಾತು. ಉಂಡ ಅನ್ನ ಸೇರುವ ಜಠರವೂ ಹೊಟ್ಟೆಯೇ. ಜಠರ, ಕರುಳು, ಯಕೃತ್ತುಗಳನ್ನು ಒಳಗಿಟ್ಟುಕೊಂಡಿರುವ ಉದರವೂ ಹೊಟ್ಟೆಯೇ. ಆದರೆ ಜಠರದ ಕ್ಯಾನ್ಸರಿನ ಚಿಕಿತ್ಸೆಯ ಚರಿತ್ರೆಯನ್ನು ತಿಳಿಯಬೇಕಾದರೆ ಇವೆರಡನ್ನೂ ಬೇರೆ ಮಾಡಿ ನೋಡಬೇಕು. ರೋಗ ಜಠರದಲ್ಲಿಯೇ ನಿಂತಿದೆಯೋ, ಉದರದಲ್ಲೆಲ್ಲ ಹರಡಿದೆಯೋ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಅರ್ಬುದವೆಂಬ ಗಂಟಿನ ರೋಗವನ್ನು ನಮ್ಮ ಸುಶ್ರುತಸಂಹಿತೆಯೂ ಬಣ್ಣಿಸಿದೆ. ಆದರೆ ಜಠರದ ಗಂಟನ್ನು ಕೊಯ್ದು ತೆಗೆಯುವ ಧೈರ್ಯ ಬಂದದ್ದು, ಮೈಮರೆಸುವ ಔಷಧವೂ ಗಾಯ ಕೀವುಗಟ್ಟದಂತೆ ತಡೆಯುವ ಉಪಾಯವೂ ದೊರೆತ ಮೇಲೆ. 1879ರಲ್ಲಿ ಪ್ಯಾರಿಸಿನ ಪೆಯಾನ್, 1880ರಲ್ಲಿ ಪೋಲೆಂಡಿನ ರಿಡಿಗಿಯರ್ ಪ್ರಯತ್ನಿಸಿದರು, ರೋಗಿಗಳು ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದ ಬಿಲ್ರೋಥ್ 43 ವರ್ಷದ ಹೆಂಗಸೊಬ್ಬಳ ಜಠರದ ಕೆಳಭಾಗವನ್ನು ತೆಗೆದು, ಉಳಿದುದನ್ನು ಕರುಳಿಗೆ ಹೊಲಿದನು. ಗಾಯ ಮಾಗಿತು, ಆಕೆ ಉಣ್ಣತೊಡಗಿದಳು. ಆದರೆ ಸುಮಾರು ನಾಲ್ಕು ತಿಂಗಳಲ್ಲಿ, ಹರಡಿದ್ದ ರೋಗದಿಂದಲೇ ತೀರಿಕೊಂಡಳು. ಹೊಲಿಗೆ ಗೆದ್ದಿತ್ತು, ರೋಗ ಸೋತಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಲ್ರೋಥನ ಸಹಾಯಕ ವೋಲ್ಫ್ಲರ್ ಇನ್ನೊಬ್ಬ ರೋಗಿಯ ಉದರವನ್ನು ತೆರೆದಾಗ ಗಂಟು ತೆಗೆಯಲಾಗದಷ್ಟು ಬೆಳೆದಿತ್ತು. ಅವನು ಗಂಟನ್ನು ಮುಟ್ಟದೆ, ಜಠರಕ್ಕೂ ಕರುಳಿಗೂ ಬೇರೊಂದು ದಾರಿ ಹೊಲಿದನು. ಅನ್ನ ಇಳಿಯಿತು. ಬುಡಸಹಿತ ಕೀಳುವುದು ಒಂದು ದಾರಿ, ಬಾಳನ್ನು ಸುಗಮ ಮಾಡುವುದು ಇನ್ನೊಂದು. ಎರಡೂ ಒಂದೇ ವರ್ಷದಲ್ಲಿ ತೆರೆದುವು.

ಉದರದ ಒಳಪೊರೆಯ ಮೇಲೆ ರಾಗಿಕಾಳಿನಂತೆ ರೋಗ ಚೆದರಿದಾಗ ಏನು ಮಾಡಬೇಕು? ಕಂಡ ಗಂಟುಗಳನ್ನೆಲ್ಲ ತೆಗೆದು ಬಿಸಿಮಾಡಿದ ಔಷಧದಿಂದ ಉದರವನ್ನು ತೊಳೆಯುವ ವಿಧಾನವನ್ನು 1980ರ ದಶಕದಲ್ಲಿ ಜಪಾನಿನ ವೈದ್ಯರು ಈ ರೋಗಕ್ಕೂ ಬಳಸಿದರು. ಆಸೆ ದೊಡ್ಡದಾಗಿತ್ತು. ಆದರೆ ಜರ್ಮನಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಂಟು ತೆಗೆದ ಬಳಿಕ ಹೀಗೆ ತೊಳೆದುದರಿಂದ ಆಯುಸ್ಸು ಹೆಚ್ಚಲಿಲ್ಲ. ಅದಕ್ಕೂ ಮೊದಲು ಜಪಾನ್, ಕೊರಿಯಾ, ಸಿಂಗಪುರಗಳ 175 ರೋಗಿಗಳಲ್ಲಿ ಪರೀಕ್ಷೆಯೊಂದು ನಡೆದು, 2016ರಲ್ಲಿ ಪ್ರಕಟವಾಯಿತು. ಅವರೆಲ್ಲರ ರೋಗವೂ ಜಠರವನ್ನು ದಾಟಿತ್ತು. ಮೊದಲು ಜಠರ ಕೊಯ್ದು ಆಮೇಲೆ ಔಷಧ ಕೊಟ್ಟವರಿಗಿಂತ, ಔಷಧವನ್ನಷ್ಟೇ ಪಡೆದವರ ಸ್ಥಿತಿ ಕೀಳಾಗಿರಲಿಲ್ಲ. ಆದಕಾರಣ ಇಂದಿನ ವೈದ್ಯರು ಅನೇಕ ವೇಳೆ ಸಣ್ಣ ರಂಧ್ರದಿಂದ ದರ್ಶಕವನ್ನಿಳಿಸಿ ಒಳಪೊರೆಯನ್ನು ನೋಡಿ, ಆಮೇಲೆ ನಿರ್ಧರಿಸುತ್ತಾರೆ.

ಈ ಚರಿತ್ರೆ ನಮಗೇಕೆ ಎನ್ನುವಿರಾ? ಸಂಸೆ, ಕಳಸಗಳ ಕಾಫಿತೋಟದ ಮನೆಗಳಿಂದ ದೊಡ್ಡ ಆಸ್ಪತ್ರೆಗೆ ಹೋಗುವುದೆಂದರೆ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕು. ಅಷ್ಟು ದೂರ ಹೋದವರಿಗೆ ವೈದ್ಯರು "ಆಪರೇಷನ್ ಬೇಡ" ಎಂದರೆ, ಕೈಬಿಟ್ಟರೆಂದೇ ಮನೆಯವರು ಎದೆಗುಂದುತ್ತಾರೆ. ಹಾಗೆಣಿಸಬೇಡಿ. ಔಷಧವುಂಟು, ನೋವು ತಗ್ಗಿಸುವ ಶುಶ್ರೂಷೆಯುಂಟು, ಅನ್ನದ ದಾರಿ ಕಟ್ಟಿದರೆ ವೋಲ್ಫ್ಲರ್ ತೋರಿದ ದಾರಿಯೂ ಉಂಟು.

ಇನ್ನೊಂದು ಮಾತು. ಅಜೀರ್ಣವೆಂದು ಜೀರಿಗೆ ಕಷಾಯ ಕುಡಿಯುತ್ತ ತಿಂಗಳುಗಳನ್ನು ಕಳೆಯಬೇಡಿ. ಮೈ ಇಳಿದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದರೆ, ಮಲ ಕಪ್ಪಾದರೆ ವೈದ್ಯರಲ್ಲಿಗೆ ಹೋಗಿ. ರೋಗ ಜಠರದ ಗೋಡೆಯೊಳಗಿರುವಾಗಲೇ ಶಸ್ತ್ರಕ್ಕೆ ನಿಜವಾದ ಬಲ.