ಸ್ಟೀವ್‌ಸ್ಟನ್‌ನ ರಾಕ್ಷಸ ಕ್ಯಾನರಿ

ಬ್ರಿಟಿಷ್ ಕೊಲಂಬಿಯಾದಲ್ಲಿ ಫ್ರೇಸರ್ ನದಿ ಕಡಲು ಸೇರುವ ಕಡೆ ಸ್ಟೀವ್‌ಸ್ಟನ್ ಎಂಬ ಊರು. ಅಲ್ಲಿ ನೀರಿಗೆ ನೆಟ್ಟ ಮರದ ಕಂಬಗಳ ಮೇಲೆ 1894ರಲ್ಲಿ ಎದ್ದು ನಿಂತದ್ದು ಗಲ್ಫ್ ಆಫ್ ಜಾರ್ಜಿಯಾ ಕ್ಯಾನರಿ, ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಊರಲ್ಲಿ ಇಂಥವು ಹಲವಿದ್ದರೂ ಗಾತ್ರ ನೋಡಿ ಜನ ಇದನ್ನೇ ‘ರಾಕ್ಷಸ ಕ್ಯಾನರಿ’ ಎಂದರು. 1897ರ ಒಂದೇ ವರ್ಷ ಇಲ್ಲಿಂದ 25 ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಹೊರಬಿದ್ದವು.

ಕೆಲಸ ಜನಾಂಗದ ಪ್ರಕಾರ ಹಂಚಿಹೋಗಿತ್ತು. ಮೀನು ಹಿಡಿಯುವವರಲ್ಲಿ ಜಪಾನೀಯರು ಬಹಳ. ಅವರಲ್ಲೂ ಅನೇಕರು ವಾಕಯಾಮಾ ಪ್ರಾಂತ್ಯದ ಮಿಯೊ ಎಂಬ ಒಂದೇ ಹಳ್ಳಿಯವರು. ತಲೆ, ರೆಕ್ಕೆ ಕಡಿದು ಕರುಳು ತೆಗೆಯುವುದು ಚೀನೀ ಗಂಡಸರ ಪಾಲು. ತೊಳೆಯುವುದು, ಡಬ್ಬಿ ತುಂಬುವುದು ಮೂಲನಿವಾಸಿ ಮತ್ತು ಜಪಾನೀ ಹೆಂಗಸರದು. ಕೂಸುಗಳೂ ಅವರ ಜೊತೆಗೇ ಬರುತ್ತಿದ್ದವು. ಬೆಂದ ಡಬ್ಬಿಗಳನ್ನು ಹರಡಿದ ಮೇಲೆ ಒಬ್ಬ ಚೀನೀ ಕೆಲಸಗಾರ ಸಣ್ಣ ಕಬ್ಬಿಣದ ಕಡ್ಡಿಯಿಂದ ಒಂದೊಂದರ ನೆತ್ತಿಯನ್ನೂ ತಟ್ಟುತ್ತ ಸಾಗುತ್ತಿದ್ದ. ಸದ್ದು ಬದಲಾಯಿತೆಂದರೆ ಅದು ಸೋರುವ ಡಬ್ಬಿ, ಪಕ್ಕಕ್ಕೆ.

ಅಂಥ ಕಿವಿಯಿದ್ದವನ ಹೆಸರು ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ಸಿಗುವುದು ಅಪರೂಪ. ಮಾಲೀಕರು ಚೀನೀ ಗುತ್ತಿಗೆದಾರನ ಹತ್ತಿರ ಪೆಟ್ಟಿಗೆಗೆ ಇಷ್ಟು ಎಂದು ದರ ಕುದುರಿಸುತ್ತಿದ್ದರು. ಆಳು ಕರೆತರುವುದು, ಊಟ ಹಾಕುವುದು, ಕೂಲಿ ಬಟವಾಡೆ ಮಾಡುವುದು ಎಲ್ಲ ಅವನ ತಲೆಗೆ. ಕಾಫಿ ತೋಟದ ಮೇಸ್ತ್ರಿಗಳನ್ನು ಕಂಡ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಮೀನು ಕೊಯ್ಯುವ ಯಂತ್ರ ಬಂತು. ಅದು ಕಿತ್ತುಕೊಂಡದ್ದು ಚೀನೀಯರ ಕೆಲಸ; ಅದಕ್ಕಿಟ್ಟ ಹೆಸರಲ್ಲೂ ಚೀನೀಯರನ್ನು ಹೀಯಾಳಿಸುವ ಬೈಗುಳ. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

1913ರಲ್ಲಿ ಫ್ರೇಸರ್ ನದಿಯ ಮೇಲ್ಭಾಗದ ಹೆಲ್ಸ್ ಗೇಟ್ ಕಮರಿಯಲ್ಲಿ ರೈಲುಹಾದಿಗೆಂದು ಸಿಡಿಸಿದ ಬಂಡೆಗಳು ನದಿಗೆ ಬಿದ್ದವು. ಮರುವರ್ಷ ಇನ್ನೂ ದೊಡ್ಡ ಕುಸಿತ. ಮೊಟ್ಟೆಯಿಡಲು ಹೊಳೆ ಏರುವ ಮೀನಿಗೆ ದಾರಿಯೇ ಕಟ್ಟಿಹೋಯಿತು. 1930ರಲ್ಲಿ ಕ್ಯಾನರಿಯಲ್ಲಿ ಸಾಲ್ಮನ್ ತುಂಬುವುದು ನಿಂತಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಹೆರಿಂಗ್ ಮೀನಿನ ಡಬ್ಬಿ, ಆಮೇಲೆ ಅದೇ ಮೀನಿನ ಎಣ್ಣೆ, ಹಿಟ್ಟು. 1979ರಲ್ಲಿ ಬೀಗ ಬಿತ್ತು.

ಈ ನಡುವೆ, 1942ರಲ್ಲಿ, ಸರ್ಕಾರ ಊರಿನ ಜಪಾನೀ ಕುಟುಂಬಗಳನ್ನು ಕರಾವಳಿಯಿಂದಲೇ ಎತ್ತಂಗಡಿ ಮಾಡಿತ್ತು. ಕೆನಡಾದಲ್ಲೇ ಹುಟ್ಟಿದವರನ್ನೂ ಬಿಡಲಿಲ್ಲ. ದೋಣಿಗಳನ್ನು ಮುಟ್ಟುಗೋಲು ಹಾಕಿ ಮಾರಿದರು. 1949ರವರೆಗೆ ಅವರು ಮರಳಿ ಬರುವಂತಿರಲಿಲ್ಲ. ಬಂದವರು ಬಹಳಷ್ಟು ಮಂದಿ ಬರಿಗೈಯಲ್ಲಿ ಬಂದರು.

ಕಟ್ಟಡ ಉಳಿಯಿತು. ಅದನ್ನು ಕಾಪಾಡಲು 1986ರಲ್ಲಿ ಒಂದು ಸೊಸೈಟಿ ಹುಟ್ಟಿಕೊಂಡಿತು. ನೂರು ತುಂಬಿದ 1994ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಯಂತ್ರಗಳನ್ನು ನೋಡಲು ಇಲ್ಲಿಗೆ ಹೋಗಬೇಕು, ಸರಿ. ಆದರೆ ಅಷ್ಟಕ್ಕೇ ತಿರುಗಿ ಬಂದರೆ ಅರ್ಧ ಕಥೆ. ದಂಡೆ ಹಿಡಿದು ಪೂರ್ವಕ್ಕೆ ನಡೆದರೆ ಬ್ರಿಟಾನಿಯಾ ಶಿಪ್‌ಯಾರ್ಡ್ ಸಿಗುತ್ತದೆ. ದೋಣಿ ಕಟ್ಟುತ್ತಿದ್ದ ಮುರಕಾಮಿ ಕುಟುಂಬ 1942ರವರೆಗೆ ಬಾಳಿದ ಮನೆ ಇರುವುದು ಅಲ್ಲೇ.